ಒಂಬತ್ತನೆಯ ದಿನದ ಡಬ್ಬಿ

ನಮ್ಮೂರಿನಲ್ಲಿ ಒಂಬತ್ತು ದಿನ ಮುಚ್ಚಿಟ್ಟದ್ದು ಹತ್ತನೆಯ ದಿನ ತೆಗೆಯಲು ಬರುವುದಿಲ್ಲ. ಉಪ್ಪಿನಕಾಯಿ ಭರಣಿಯಾಗಲಿ, ಟ್ರಂಕಾಗಲಿ, ಬೀರುವಾಗಲಿ, ಪೆನ್ನಿನ ಕ್ಯಾಪಾಗಲಿ, ಎಲ್ಲಕ್ಕೂ ಒಂದೇ ಮಾತು. ಗರಗಸ ಹಚ್ಚಿ ಕೊಯ್ಯಬಹುದು, ಆದರೆ ಒಳಗಿದ್ದದ್ದು ಪುಡಿಯಾಗಿ ಕೈಗೆ ಬರುತ್ತದೆ. ಹೀಗಾಗಿ ಪ್ರತಿ ಮನೆಗೂ ವಾರದಲ್ಲಿ ಒಂದು ತೆರೆಯುವ ದಿನವಿರುತ್ತದೆ. ಕೆಲವರದು ಮಂಗಳವಾರ, ಕೆಲವರದು ಶನಿವಾರ. ಅವತ್ತು ಬೆಳಿಗ್ಗೆ ಓಣಿಯಲ್ಲಿ ನಡೆದರೆ ಮನೆಮನೆಯಿಂದ ಠಕ್, ಕಿರ್, ಟಣ್ ಎಂದು ಸದ್ದು ಬರುತ್ತಿರುತ್ತದೆ. ಹೆಣ್ಣು ನೋಡಲು ಹೋದವರು ಆ ಮನೆಯ ತೆರೆಯುವ ದಿನ ಯಾವುದೆಂದು ಮೊದಲೇ ಕೇಳಿಕೊಂಡಿರುತ್ತಾರೆ. ಯಾತ್ರೆಗೆ ಹೋಗುವವರು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಯಾವ ಡಬ್ಬಿ ಎಲ್ಲಿದೆ ಎಂದು ಚೀಟಿ ಬರೆದಿಟ್ಟು ಹೋಗುತ್ತಾರೆ. ಹೊರಗಿನಿಂದ ಬಂದವರಿಗೆ ನಮ್ಮ ಜನ ಒಂದು ಕಡೆ ಕೂರಲಾರದವರು ಎನಿಸುತ್ತದೆ. ಮಾತಿನ ನಡುವೆ ಎದ್ದು ಹೋಗಿ ಏನನ್ನೋ ತೆಗೆದು ಮುಚ್ಚಿ ಬರುವುದು ನಮಗೆ ಕೆಮ್ಮಿದಷ್ಟೇ ಸಹಜ.

ಊರಿನ ಪುರಸಭೆಯಲ್ಲಿ ಮುಚ್ಚಳ ವಿಭಾಗ ಎಂದೊಂದಿದೆ. ಮುಚ್ಚಳ, ಬಾಗಿಲು, ಚಿಲಕ ಇರುವ ಯಾವ ಸಾಮಾನೂ ಅಲ್ಲಿ ಪರೀಕ್ಷೆಯಾಗಿ, ಹಸಿರು ಸೀಲು ಬಿದ್ದ ಮೇಲೆಯೇ ಅಂಗಡಿಗೆ ಹೋಗಬೇಕು. ಕಾತ್ಯಾಯಿನಿ ಅಲ್ಲಿ ಇಪ್ಪತ್ತಾರು ವರ್ಷ ಪರೀಕ್ಷಕರಾಗಿದ್ದರು. ನಾನು, ಕೊಟ್ರೇಶ, ಅವರು ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತ. ಈಗ ಹೇಳುತ್ತಿರುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವರು ಆಮೇಲೆ ಯಾವಾಗಲೋ ಚಹಾ ಕುಡಿಯುತ್ತ ಹೇಳಿದ್ದು.

ಕಾತ್ಯಾಯಿನಿಯ ಕೈಯ ಬಗ್ಗೆ ಊರಿನಲ್ಲಿ ಮಾತಿತ್ತು. ಎತ್ತರದ ಹೆಂಗಸು, ಉದ್ದ ಬೆರಳುಗಳು, ಹೆಬ್ಬೆರಳಂತೂ ಬಡಗಿಯ ಹೆಬ್ಬೆರಳಿನಂತೆ ಅಗಲ. ಯಾವ ಮುಚ್ಚಳವನ್ನೂ ಒಮ್ಮೆ ಸವರಿ, ಒಮ್ಮೆ ಒತ್ತಿ, ಒಂದೇ ಸಲಕ್ಕೆ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅವರ ಕೈಗೆ ಬಂದರೆ ಪಾಸು, ಬಾರದಿದ್ದರೆ ಫೇಲು. ಅದರ ಮೇಲೆ ಅಪೀಲಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ಆ ಹೆಬ್ಬೆರಳಿಗೆ ಏನೋ ಆಗಿತ್ತು. ಬುಡದಲ್ಲಿ ಒಂದು ನೋವು. ಮೊದಮೊದಲು ಚಳಿಗೆ ಎಂದುಕೊಂಡರು. ಬೇಸಿಗೆ ಬಂದರೂ ಹೋಗಲಿಲ್ಲ. ಬೀಗದ ಕೈ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಸೂಜಿ ಚುಚ್ಚಿದ ಹಾಗೆ. ಮೆಲ್ಲಗೆ ಬಲವೂ ಹೋಯಿತು. ಆಫೀಸಿನಲ್ಲಿ ಅವರು, "ಕೊಟ್ರೇಶ, ನಾನು ಅಳತೆ ನೋಡ್ತಿರ್ತೀನಿ, ನೀನೊಮ್ಮೆ ಅದನ್ನ ತೆಗಿ," ಎನ್ನತೊಡಗಿದರು. ನಾನು ತೆಗೆದುಕೊಡುತ್ತಿದ್ದೆ. ಏಕೆಂದು ಕೇಳಲಿಲ್ಲ. ಅವರ ಬಾಯಿಂದ ಬಾರದ ಮಾತನ್ನು ನಾನಾಗಿ ಎತ್ತುವುದು ಹೇಗೆ? ಎಂಟು ತಿಂಗಳು ಹೀಗೆಯೇ ನಡೆಯಿತು.

ಅವರ ಮನೆ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ಗಿರಣಿ ಓಡುವಷ್ಟು ಹೊತ್ತೂ ನೆಲ ಅದುರುತ್ತಿರುತ್ತದೆ, ನೀರಿನ ಲೋಟ ಇಟ್ಟರೆ ನೀರಿನ ಮೇಲೆ ಸಣ್ಣ ಸಣ್ಣ ಸುತ್ತು ಏಳುತ್ತಿರುತ್ತವೆ. ಮದುವೆಯಾಗದ ಅವರು ಒಬ್ಬರೇ ಅಲ್ಲಿರುತ್ತಿದ್ದರು. ಆ ಎಂಟು ತಿಂಗಳಲ್ಲಿ ಮನೆಯ ಒಂದೊಂದೇ ಮುಚ್ಚಳ ಮಾಯವಾಯಿತು. ಬೇಳೆ ಡಬ್ಬಿಯ ಮೇಲೆ ತಟ್ಟೆ, ಸಕ್ಕರೆ ಡಬ್ಬಿಯ ಮೇಲೆ ಬಟ್ಟೆ, ಬೀರುವಿನ ಬಾಗಿಲಿಗೆ ಮಡಚಿದ ಕಾಗದದ ಬೆಣೆ.

ಇಂಥ ಹೊತ್ತಿಗೆ ಮಕ್ತುಂಸಾಬರ ಡಬ್ಬಿ ಬಂತು.

ಕಂಪ್ಯೂಟರುಗಳು ನಮ್ಮೂರಿಗೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಹೊರಗಿನಿಂದ ಬರುವ ಸಿಪಿಯು ಡಬ್ಬಿಗಳಿಗೆ ಹಿಂದೆ ಎಂಟೆಂಟು ಸ್ಕ್ರೂ. ಕೆಳಗೆ ಬಗ್ಗಿ, ವೈರು ಕಿತ್ತು, ಡಬ್ಬಿಯನ್ನು ಈಚೆಗೆಳೆದು, ಸ್ಕ್ರೂ ಬಿಚ್ಚಿ, ತಗಡನ್ನು ಹಿಂದಕ್ಕೆ ಜಗ್ಗಿ ತೆಗೆಯುವಷ್ಟರಲ್ಲಿ ಯಾರಿಗಾದರೂ ಸಾಕಾಗುತ್ತಿತ್ತು. ತಗಡಿನ ಅಂಚಿಗೆ ಕೈ ಕೊಯ್ದುಕೊಂಡವರೆಷ್ಟೋ. ವಾರಕ್ಕೊಮ್ಮೆ ಈ ಕೆಲಸ ಯಾರು ಮಾಡುತ್ತಾರೆ? ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮಾಡದೇ ಬಿಟ್ಟರು. ಹತ್ತನೆಯ ದಿನ ಡಬ್ಬಿ ತೆಗೆಯಲಾಗದ ಹಾಗೆ ಕೂತುಬಿಟ್ಟಿತು. ಒಳಗೆ ಧೂಳು ತುಂಬಿ ಫ್ಯಾನ್ ನಿಂತು ಎಲ್ಲ ಕಾದು ಹೋಯಿತು. ಮೂರು ವರ್ಷ ಬರೆದಿಟ್ಟ ಮಕ್ಕಳ ಲಸಿಕೆಯ ಲೆಕ್ಕ ಅದರೊಳಗೇ ಉಳಿಯಿತು. ಅದಾದ ಮೇಲೆ ಪುರಸಭೆಯವರು ಶಾಲೆ, ಆಸ್ಪತ್ರೆಗಳಿಗೆಲ್ಲ ಸುಲಭವಾಗಿ ತೆಗೆಯಬಹುದಾದ ನಲವತ್ತು ಡಬ್ಬಿ ಬೇಕೆಂದು ಪ್ರಕಟಣೆ ಹೊರಡಿಸಿದರು.

ಮಕ್ತುಂಸಾಬರು ತಗಡಿನ ಕೆಲಸದವರು. ಊರಿನ ಮುಕ್ಕಾಲುಪಾಲು ಟ್ರಂಕುಗಳು ಅವರ ಕೈಯಿಂದಲೇ ಬಂದವು. ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಪ್ರಕಟಣೆ ಓದಿದ ದಿನವೇ ಹಾಳಾದ ಒಂದು ಸಿಪಿಯು ತಂದು, ಅಳತೆ ತೆಗೆದು, ಎರಡು ತಿಂಗಳು ಕೂತು ತಾವೇ ಒಂದು ಡಬ್ಬಿ ಕಟ್ಟಿದರು. ಒಂದು ಸೋಮವಾರ ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲಿಟ್ಟರು.

"ನೋಡ್ರಿ ಅಕ್ಕೋರೆ, ಒಂದೂ ಸ್ಕ್ರೂ ಇಲ್ಲ," ಎಂದರು.

ನಿಜಕ್ಕೂ ಇರಲಿಲ್ಲ. ಬೂದು ಬಣ್ಣ, ಮೇಲೆ ಎತ್ತಲು ಮಡಚುವ ಹಿಡಿಕೆ. ಕಾತ್ಯಾಯಿನಿ ತಮ್ಮ ಕ್ರಮದಂತೆ ಮೊದಲು ಸುತ್ತ ಸವರಿದರು. ಅಂಚುಗಳನ್ನೆಲ್ಲ ಒಳಕ್ಕೆ ಮಡಚಿ ಬಡಿದಿದ್ದರು, ಎಲ್ಲೂ ಚುಚ್ಚಲಿಲ್ಲ. ಮುಂದಿನ ಧೂಳಿನ ಜಾಲರಿ ಅಡುಗೆಮನೆಯ ಡ್ರಾಯರಿನಂತೆ ಸರಿದು ಈಚೆಗೆ ಬಂತು. ಆನ್ ಮಾಡುವ ಗುಂಡಿ ಒಂದು ಗುಳಿಯೊಳಗಿತ್ತು, ಮೇಜಿನ ಕೆಳಗೆ ಕೂತವರ ಮೊಣಕಾಲು ತಗುಲಿ ಆರಿಹೋಗುವ ಭಯವಿಲ್ಲ. ಪಾದಗಳಿಗೆ ರಬ್ಬರು ಹಚ್ಚಿದ್ದರು. ಪಕ್ಕದ ಬಾಗಿಲಿನ ಮೇಲೆ ಒಂದೇ ಒಂದು ಒತ್ತುಗುಂಡಿ, ನಾಲ್ಕಾಣೆಯಗಲ, ತಗಡಿನ ಮಟ್ಟಕ್ಕೆ ಸಮವಾಗಿ ಕೂತಿತ್ತು.

"ಒತ್ರಿ. ಬಾಗಿಲು ತಾನೇ ಬೀಳುತ್ತೆ."

ಕಾತ್ಯಾಯಿನಿ ಒತ್ತಿದರು. ಬೀಳಲಿಲ್ಲ. "ಬೆಳಕು ಸಾಲದು," ಎಂದು ಡಬ್ಬಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನಮಗೆ ಬೆನ್ನು ಮಾಡಿ ನಿಂತರು. ಎರಡೂ ಹೆಬ್ಬೆರಳು ಕೂಡಿಸಿ, ಮೈಭಾರ ಹಾಕಿ ಒತ್ತಿದ್ದು ನನಗೆ ಅವರ ಭುಜದಿಂದಲೇ ತಿಳಿಯಿತು. ಟಕ್ ಎಂದು ಬಾಗಿಲು ತೆರೆಯಿತು. ಅವರು ಒಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ವೈರುಗಳು ಬಾಗಿಲಿಗೆ ಸಿಕ್ಕದ ಹಾಗೆ ಹಿಂದೆ ಒಂದು ಕಾಲುವೆ ಮಾಡಿದ್ದರು ಮಕ್ತುಂಸಾಬರು. ನೋಡಲು ಅಷ್ಟೇನೂ ಇರಲಿಲ್ಲ. ಕಾತ್ಯಾಯಿನಿ ಮುಖ ಸರಿಮಾಡಿಕೊಳ್ಳುತ್ತಿದ್ದರು.

"ಚೆನ್ನಾಗಿದೆ ಸಾಬ್ರೆ," ಎಂದು ಮುಚ್ಚಿದರು. ನಾನು ಹೊತ್ತು ಬರೆದೆ. ಸೋಮವಾರ, ಹನ್ನೊಂದು ಗಂಟೆ.

ನಮ್ಮ ನಿಯಮದಂತೆ ಕೊನೆಯ ಪರೀಕ್ಷೆ ಒಂಬತ್ತನೆಯ ದಿನ ಆಗಬೇಕು. ಅಲ್ಲಿಯವರೆಗೂ ಮುಚ್ಚಿಟ್ಟು, ಗಡುವು ಮುಗಿಯುವುದರೊಳಗೆ ಒಬ್ಬರೇ ತೆಗೆಯಬೇಕು. ಅಂದರೆ ಮುಂದಿನ ಬುಧವಾರ ಹನ್ನೊಂದರೊಳಗೆ. ಎಂದಿನಂತೆ ಡಬ್ಬಿ ಆಫೀಸಿನಲ್ಲಿಯೇ ಇರಬೇಕಾಗಿತ್ತು. ಕಾತ್ಯಾಯಿನಿ, "ಇದನ್ನ ಮನೇಲಿ ನೋಡ್ತೀನಿ," ಎಂದರು. ನಾನೇ ಆಟೋದಲ್ಲಿಟ್ಟು ಬಂದೆ.

ಮನೆಯಲ್ಲಿ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟುಕೊಂಡರು. ಯಾರೂ ನೋಡದಿರುವಾಗ ನಿಧಾನವಾಗಿ ಅಭ್ಯಾಸ ಮಾಡಿಕೊಂಡರಾಯಿತು ಎಂಬುದು ಅವರ ಲೆಕ್ಕ. ಬಿಸಿನೀರಿನಲ್ಲಿ ಕೈ ಅದ್ದಿ ಕೂತರು, ಎಣ್ಣೆ ಹಚ್ಚಿ ತಿಕ್ಕಿದರು. ಗುರುವಾರ ಸಂಜೆ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿದರು. ಅದು ಸ್ವಲ್ಪ ಒಳಗೆ ಹೋಗಿ ನಿಂತಿತು. ಶುಕ್ರವಾರ ಅಷ್ಟೂ ಹೋಗಲಿಲ್ಲ. ಎರಡೂ ಹೆಬ್ಬೆರಳು ಹಾಕಿದರೆ ಬಲಗೈಯ ನೋವು ಮೊಣಕೈಯವರೆಗೂ ಓಡಿ ಕಣ್ಣಲ್ಲಿ ನೀರು ಬಂತು. ಶನಿವಾರ ಚಮಚದ ಹಿಡಿ ಇಟ್ಟು ಒತ್ತಿ ನೋಡಿದರು. ಚಮಚ ಜಾರಿ ಬೂದು ಬಣ್ಣದ ಮೇಲೆ ಬೆರಳುದ್ದದ ಗೀರು ಬಿತ್ತು. ಎರಡು ತಿಂಗಳ ಕೆಲಸದ ಮೇಲೆ ತಾವು ಹಾಕಿದ ಗೀರು. ಅದನ್ನು ಸೆರಗಿನಿಂದ ಉಜ್ಜಿದರು, ಹೋಗುತ್ತದೆಯೇ? ಕೆಳಗೆ ಗಿರಣಿ ಓಡುತ್ತಲೇ ಇತ್ತು, ಡಬ್ಬಿ ಮೇಜಿನ ಮೇಲೆ ಸಣ್ಣಗೆ ಅದುರುತ್ತಲೇ ಇತ್ತು.

ನನ್ನನ್ನು ಕರೆಯಬಹುದಾಗಿತ್ತು. ನಾನು ಒಂದು ನಿಮಿಷದಲ್ಲಿ ತೆಗೆದುಕೊಡುತ್ತಿದ್ದೆ, ಯಾರಿಗೂ ಹೇಳುತ್ತಲೂ ಇರಲಿಲ್ಲ. ಆದರೆ ಅವರನ್ನು ತಿನ್ನುತ್ತಿದ್ದ ಪ್ರಶ್ನೆ ಬೇರೆ. ಈ ಗುಂಡಿ ಬಿಗಿಯೋ, ತನ್ನ ಕೈ ಸೋತಿದೆಯೋ? ಬಿಗಿಯೆಂದು ಬರೆದರೆ ತನ್ನ ಬೆರಳಿನ ರೋಗಕ್ಕೆ ಒಬ್ಬ ಕಸುಬುದಾರನ ಎರಡು ತಿಂಗಳು ಹಾಳು. ಸಡಿಲವಿದೆಯೆಂದು ಬರೆದರೆ ಅದು ತಾನು ಕಾಣದ್ದನ್ನು ಬರೆದಂತೆ. ಇಪ್ಪತ್ತಾರು ವರ್ಷ ಕೈ ಹೇಳಿದ್ದನ್ನು ಬರೆದವರು ಅವರು. ಈಗ ಕೈಯನ್ನೇ ನಂಬುವ ಹಾಗಿರಲಿಲ್ಲ. ಕೂತಲ್ಲಿ ಕೂರಲಾಗದೆ ಭಾನುವಾರ ಬೆಳಿಗ್ಗೆ ಬೀದಿಗಿಳಿದು ಊರು ಸುತ್ತಿದರು.

ಭಾನುವಾರ ತುಂಬ ಮನೆಗಳ ತೆರೆಯುವ ದಿನ. ಕಾತ್ಯಾಯಿನಿ ಜೀವಮಾನವಿಡೀ ಮುಚ್ಚಳಗಳನ್ನು ನೋಡಿದ್ದವರು, ಅಂದು ಕೈಗಳನ್ನು ನೋಡಿದರು. ಔಷಧಿ ಅಂಗಡಿಯವನು ಬಾಟಲಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಜಗಲಿಯ ಮೇಲೆ ಕೂತ ಒಬ್ಬ ಹೆಂಗಸು ಅರಿಶಿನದ ಭರಣಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ಎಳೆಯುತ್ತಿದ್ದಳು. ನಿವೃತ್ತ ಮೇಷ್ಟರೊಬ್ಬರು ಕನ್ನಡಕದ ಡಬ್ಬಿಯನ್ನು ಬಾಯಿಂದ ತೆಗೆದದ್ದನ್ನು ಕಂಡರು. ಮೇಷ್ಟರು ಇವರನ್ನು ನೋಡಿ ನಾಚಿ ಮುಖ ತಿರುಗಿಸಿದರು.

ಸುತ್ತಿ ಸುತ್ತಿ ಮನೆಗೆ ಮರಳಿದಾಗ ಗಿರಣಿಯ ಬಾಗಿಲಲ್ಲಿ ಹಾಲಜ್ಜಿ ಕೂತಿದ್ದರು. ಗಿರಣಿ ಯಜಮಾನನ ತಾಯಿ. ಎಪ್ಪತ್ತು ದಾಟಿದ ಮುದುಕಿ, ಹಿಟ್ಟಿನ ಚೀಲಗಳಿಗೆ ಚೀಟಿ ಅಂಟಿಸುವುದು ಅವರ ಕೆಲಸ. ಹತ್ತು ವರ್ಷ ಕೆಳಗೆ ಮೇಲೆ ಇದ್ದರೂ ಬರೀ ಊಟ ಆಯ್ತಾ ಎಂಬಷ್ಟು ಮಾತು. ಅಂದು ಕಾತ್ಯಾಯಿನಿ ಅವರ ಪಕ್ಕ ಕೂತು, "ಅಜ್ಜಿ, ನಿಮ್ಮನೇದು ತೆರೆಯೋದು ಮುಗೀತಾ?" ಎಂದು ಕೇಳಿದರು.

"ಸೊಸೆ ತೆಗೀತಾಳೆ. ನನ್ನವು ಉಳಿದಿಲ್ಲ ಬಿಡವ್ವ."

"ಉಳಿದಿಲ್ಲ ಅಂದ್ರೆ?"

ಹಾಲಜ್ಜಿ ಎದ್ದು ಒಳಗೆ ಕರೆದೊಯ್ದರು. ಅವರ ಕೋಣೆಯಲ್ಲಿ ಮಂಚದ ಮೇಲ್ಗಡೆ ಒಂದು ಹಲಗೆ, ಅದರ ಮೇಲೆ ಸಾಲಾಗಿ ಹನ್ನೊಂದು ಡಬ್ಬಿಗಳು. ಎಲ್ಲವೂ ಕೂತುಹೋದವು. ಧೂಳಿಲ್ಲದಂತೆ ಒರೆಸಿ ಇಟ್ಟಿದ್ದರು.

"ಮಗ, ಸೊಸೆ ಗಿರಣಿ ಕೆಲಸಕ್ಕೆ ನಿಂತ್ರೆ ಸಂಜೆವರೆಗೂ ಬಿಡುವಿಲ್ಲ. ದಿನಾ ತೆಗಿ ತೆಗಿ ಅಂತ ಅವರನ್ನ ಎಷ್ಟು ಪೀಡಿಸಾದು? ನಾನೇ ತೆಗೀತೀನಿ ಅಂತೀನಿ, ಆಗಲ್ಲ. ಹಂಗೆ ಒಂದೊಂದೇ ಕೂತ್ವು. ಇದರಾಗೆ ಹುಣಸೆಹಣ್ಣು. ಇದರಾಗೆ ನಮ್ಮ ಯಜಮಾನರ ಕನ್ನಡಕ ಐತೆ. ಅವರು ಹೋದ ಮೇಲೆ ಒಂದಿನ ಹಾಕ್ಕೊಂಡು ನೋಡ್ದೆ, ನನ್ನ ಕಣ್ಣಿಗೆ ಸರೀ ಹೊಂದಿತ್ತು. ಎರಡು ವಾರ ಪಂಚಾಂಗ ಓದ್ದೆ ನೋಡು."

ಕಾತ್ಯಾಯಿನಿ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡು ಬುಡ ತಿರುಗಿಸಿದರು. ಹಸಿರು ಸೀಲು. ಇನ್ನೊಂದನ್ನು ತಿರುಗಿಸಿದರು. ಹನ್ನೊಂದಕ್ಕೂ ಹಸಿರು ಸೀಲಿತ್ತು, ಅದರ ಕೆಳಗೆ ಅವರದೇ ಸಹಿಯ ಮೊದಲಕ್ಷರ.

"ಡಬ್ಬಿಗಳು ಚಲೋವೇ ಅದಾವು," ಎಂದರು ಹಾಲಜ್ಜಿ, ಅವರಿಗೆ ಬೇಸರವಾಯಿತೇನೋ ಎಂಬಂತೆ. "ನೀವೇ ನೋಡಿ ಬಿಟ್ಟಿರೋವು. ನನ್ನ ಕೈದೇ ತಪ್ಪು."

ಮೇಲೆ ಬಂದು ಕಾತ್ಯಾಯಿನಿ ಊಟ ಮಾಡಲಿಲ್ಲ. ತನ್ನ ಬಲವಾದ ಕೈ ಇಪ್ಪತ್ತಾರು ವರ್ಷ ಎಷ್ಟು ಡಬ್ಬಿಗಳನ್ನು ಸಲೀಸೆಂದು ಬರೆದಿತ್ತು? ಅವೆಲ್ಲ ಯಾರ ಯಾರ ಮನೆಯ ಹಲಗೆಯ ಮೇಲೆ ಕೂತಿವೆ? ತಮ್ಮ ಕೈ ಸೋತ ಮೇಲಿನ ಎಂಟು ತಿಂಗಳ ಚಿಂತೆ ಒಂದು ಕಡೆಯಾದರೆ, ಅದಕ್ಕೆ ಮೊದಲಿನ ಇಪ್ಪತ್ತೈದು ವರ್ಷಗಳು ಈಗ ಬಂದು ಎದುರು ನಿಂತವು. ಸೋಮವಾರ, ಮಂಗಳವಾರ ಅವರು ಆಫೀಸಿಗೆ ಬಂದರೂ ಯಾವ ಸಾಮಾನನ್ನೂ ಮುಟ್ಟಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದರು. ಮಂಗಳವಾರ ನಾನು ಎರಡು ಸಲ, "ಸಾಬರ ಡಬ್ಬಿ ನಾಳೆಗೆ ಒಂಬತ್ತನೇ ದಿನ," ಎಂದೆ. "ಗೊತ್ತು," ಎಂದರು, ಅಷ್ಟೇ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಮನೆಯ ಮುಂದೆ ಆಟೋ ನಿಂತಿತು. ಒಳಗೆ ಕಾತ್ಯಾಯಿನಿ, ಮಡಿಲಲ್ಲಿ ಡಬ್ಬಿ. "ಹತ್ತು," ಎಂದರು. ಆಫೀಸಿನ ಕಡೆ ಹೋಗುವ ಬದಲು ಆಟೋ ತಗಡಿನ ಓಣಿಗೆ ತಿರುಗಿತು.

ಮಕ್ತುಂಸಾಬರು ಅಂಗಡಿ ಬಾಗಿಲು ತೆಗೆದು ಸುತ್ತಿಗೆಗಳನ್ನು ಜೋಡಿಸುತ್ತಿದ್ದರು. ಡಬ್ಬಿಯೊಂದಿಗೆ ನಮ್ಮನ್ನು ಕಂಡು ಅವರ ಮುಖ ಅರಳಿತು, ಪಾಸಾಯಿತೆಂದುಕೊಂಡರು ಪಾಪ. ಕಾತ್ಯಾಯಿನಿ ಡಬ್ಬಿಯನ್ನು ಅವರು ತಗಡು ಬಡಿಯುವ ಕಲ್ಲಿನ ಮೇಲಿಟ್ಟು, "ಮೊದಲು ಇದನ್ನ ತೆಗೀರಿ ಸಾಬ್ರೆ. ನನ್ನ ಕೈಲಿ ಆಗ್ತಿಲ್ಲ," ಎಂದರು.

ಅವರು ನಕ್ಕು ಹೆಬ್ಬೆರಳಿನಿಂದ ಒತ್ತಿದರು. ಟಕ್. ಬಾಗಿಲು ಬಿತ್ತು.

"ಏನಾಗ್ಯದೆ? ಸರಿಯಾಗೇ ಐತಲ್ಲ."

ಕಾತ್ಯಾಯಿನಿ ಬಲಗೈ ಮುಂದೆ ಚಾಚಿ ಹೆಬ್ಬೆರಳಿನ ಬುಡ ತೋರಿಸಿದರು. ಗಂಟು ಉಬ್ಬಿತ್ತು. ಎಂಟು ತಿಂಗಳಿನಿಂದ ಹೀಗಿದೆ, ಕೊಟ್ರೇಶನೇ ನನ್ನ ಬದಲು ತೆಗೆಯುತ್ತಿದ್ದಾನೆ ಎಂದು ನೇರವಾಗಿ ಹೇಳಿದರು. ಗೀರು ಬಿದ್ದದ್ದನ್ನೂ ಹೇಳಿದರು. ಆಮೇಲೆ, "ಇದನ್ನ ನಾನು ಫೇಲ್ ಮಾಡ್ತೀನಿ," ಎಂದರು.

ಮಕ್ತುಂಸಾಬರು ಬೆರಳಿನಿಂದ ಆ ಗೀರನ್ನು ಸವರಿದರು. ಮಾತಾಡಿದಾಗ ದನಿ ಏರಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

"ನಿಮ್ಮ ಬೆರಳು ಕೆಟ್ಟೈತೆ ಅಂತ ನನ್ನ ಡಬ್ಬಿ ಕೆಟ್ಟದ್ದು ಅಂತೀರಾ ಅಕ್ಕೋರೆ? ಇಪ್ಪತ್ತು ವರ್ಷ ನಿಮ್ಮ ಕೈಗೆ ಹೆದರಿ ಕೆಲಸ ಮಾಡೀನಿ. ಚಿಲಕ ಸ್ವಲ್ಪ ಸಡಿಲ ಆದ್ರೆ ಕದ ತಾನೇ ಬೀಳ್ತದೆ ಅಂತ ನೀವೇ ಬೈದಿದ್ರಿ. ಇದರ ಸ್ಪ್ರಿಂಗ್ ಬಿಗಿ ಮಾಡಿದ್ದು ಯಾಕೆ? ನಿಮ್ಮ ಬೆರಳು ನೆನೆಸ್ಕೊಂಡು ಮಾಡಿದ್ದು."

"ಅದೇ ತಪ್ಪಾಗಿದ್ದು," ಎಂದರು ಕಾತ್ಯಾಯಿನಿ. "ನನ್ನದು. ನೀವು ಮಾಡಿದ್ದಲ್ಲ."

"ತಪ್ಪು ನಿಮ್ಮದು, ಫೇಲು ನನಗೆ."

ಕಾತ್ಯಾಯಿನಿ ಡಬ್ಬಿಯನ್ನು ಮುಚ್ಚಿ, ನನ್ನಿಂದ ಎತ್ತಿಸಿ ಅಂಗಡಿಯ ಮುಂದಿನ ಕಟ್ಟೆಯ ಮೇಲಿಡಿಸಿದರು. "ಒಂದು ಗಂಟೆ ಕೂರೋಣ ಸಾಬ್ರೆ. ಹೋಗೋರು ಬರೋರು ಒಬ್ಬೊಬ್ಬರೂ ತೆಗೀಲಿ. ಎಲ್ಲರ ಕೈಲೂ ಬಂದ್ರೆ ನಾನು ಇಲ್ಲೇ ಪಾಸ್ ಅಂತ ಬರೀತೀನಿ."

ಹಾಗೆ ಕೂತೆವು. ಮೊದಲು ಬಂದವನು ಹಾಲಿನವನು, ಸಲೀಸಾಗಿ ತೆಗೆದ. ಬಾಳೆಹಣ್ಣಿನ ಗಾಡಿಯವನೂ ತೆಗೆದ. ಮಕ್ತುಂಸಾಬರು ನನ್ನ ಕಡೆ ನೋಡಿ ತಲೆಯಾಡಿಸಿದರು. ಶಾಲೆಯ ಒಬ್ಬ ಟೀಚರು ಎರಡು ಸಲ ಒತ್ತಿ, ಕೈ ಕೊಡವಿ, "ನಿನ್ನೆ ಬಟ್ಟೆ ಜಾಸ್ತಿ ಒಗೆದಿದ್ದೆ, ಕೈ ಬಿದ್ದೋಗಿದೆ," ಎಂದು ನಗುತ್ತ ಹೋದರು. ಪೋಸ್ಟಿನವರು ತೆಗೆದರು. ಬೀಡಿ ಕಟ್ಟುವ ಒಬ್ಬ ಹೆಂಗಸಿನಿಂದ ಆಗಲಿಲ್ಲ. "ನಂಗೆ ಮಿಷಿನ್ ಕೆಲಸ ಎಲ್ಲಿ ಬರ್ತದಪ್ಪ," ಎಂದಳು. ದಪ್ಪಗಿದ್ದ ಒಬ್ಬ ಗುತ್ತಿಗೆದಾರರಿಂದಲೂ ಆಗಲಿಲ್ಲ. ಮೈಯಲ್ಲಿ ಸಕ್ಕರೆ ಇದೆ, ಬೆರಳು ಜೋಮು ಎಂದು ಮೆಲ್ಲಗೆ ಹೇಳಿ, ಯಾರಾದರೂ ಕೇಳಿಸಿಕೊಂಡರೇ ಎಂದು ಅತ್ತಿತ್ತ ನೋಡಿದರು. ಹದಿಮೂರು ಜನ ಬಂದರು, ನಾಲ್ವರ ಕೈಲಿ ಆಗಲಿಲ್ಲ. ಆ ನಾಲ್ವರಲ್ಲಿ ಒಬ್ಬರೂ ಡಬ್ಬಿಯನ್ನು ದೂರಲಿಲ್ಲ.

ಆಗ ಒಳಗಿನಿಂದ ಮಕ್ತುಂಸಾಬರ ಹೆಂಡತಿ ಬೀಬಿಜಾನ್ ಚಹಾ ತಂದರು. ಅಂಗಡಿಯ ಹಿಂದೆಯೇ ಅವರ ಮನೆ. ಕಾತ್ಯಾಯಿನಿ ಚಹಾ ತೆಗೆದುಕೊಂಡು, "ನೀವೂ ಒಂದ್ಸಲ ಒತ್ತಿ ನೋಡಿ ಬೀಬಿಜಾನ್," ಎಂದರು.

"ನಾನ್ಯಾಕೆ ಅಕ್ಕ. ಅವರು ಕೆಲಸದ ಸಾಮಾನು ಮುಟ್ಟಿದ್ರೆ ಬೈತಾರೆ."

"ಮುಟ್ಟು," ಎಂದರು ಮಕ್ತುಂಸಾಬರು.

ಬೀಬಿಜಾನ್ ಟ್ರೇ ಕೆಳಗಿಟ್ಟು ಒತ್ತಿದರು. ಮತ್ತೊಮ್ಮೆ ಒತ್ತಿದರು. ಮೂರನೆಯ ಸಲ ಎಡಗೈಯನ್ನೂ ಸೇರಿಸಿದರು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ನನ್ನ ಕೈಗೇನೋ ಆಗ್ಯದೆ, ಚಳಿಗಾಲದಿಂದ ಹಿಂಗೇ," ಎಂದರು.

"ನಂಗೆ ಹೇಳಲಿಲ್ಲ ನೀನು," ಎಂದರು ಗಂಡ.

"ಹೇಳೋದೇನೈತೆ ಅದ್ರಾಗೆ. ಸಕ್ಕರೆ ಡಬ್ಬಿ ಪಕ್ಕದ ಮನೆಯವಳು ತೆಗೆದುಕೊಡ್ತಾಳೆ."

ಬೀಬಿಜಾನ್ ಒಳಗೆ ಹೋದರು. ಮಕ್ತುಂಸಾಬರು ಅವರು ಹೋದ ಬಾಗಿಲನ್ನೇ ನೋಡುತ್ತ ಕೂತರು, ಚಹಾ ಆರಿತು. ಕೊನೆಗೆ, "ಬರಕೊಳ್ರಿ," ಎಂದರು. "ಆದ್ರೆ ಆರ್ಡರ್ ಹೋಗ್ತದಲ್ಲ ಅಕ್ಕೋರೆ."

"ಹೋಗ್ತದೆ," ಎಂದರು ಕಾತ್ಯಾಯಿನಿ.

ಆಫೀಸಿಗೆ ಬಂದು ವರದಿ ಹೇಳಿದರು, ನಾನು ಬರೆದೆ. ಡಬ್ಬಿಯ ಅಂಚು ಕೈ ಕೊಯ್ಯುವುದಿಲ್ಲ. ಧೂಳಿನ ಜಾಲರಿ ತೆಗೆದು ತೊಳೆಯಲು ಒಂದು ನಿಮಿಷ ಸಾಕು. ವೈರುಗಳಿಗೆ ಮಾಡಿರುವ ಕಾಲುವೆಯಂಥದ್ದು ಹೊರಗಿನಿಂದ ಬರುವ ಯಾವ ಡಬ್ಬಿಯಲ್ಲೂ ಕಂಡಿಲ್ಲ. ಎತ್ತಲು ಹಗುರ. ಆದರೆ ಬಾಗಿಲಿನ ಗುಂಡಿ ಚಿಕ್ಕದು, ಒಂದೇ ಬೆರಳಿನ ಬಲ ಬೇಡುತ್ತದೆ, ಹದಿನಾಲ್ಕು ಜನರಲ್ಲಿ ಐವರಿಗೆ ಬಗ್ಗಲಿಲ್ಲ. ಫೇಲು. ಇಷ್ಟು ಬರೆದು ನಾನು ಪೆನ್ನು ಕೆಳಗಿಡಲು ಹೋದೆ.

"ಇನ್ನೂ ಇದೆ," ಎಂದರು. "ಪರೀಕ್ಷಕರ ಬಲಗೈ ಹೆಬ್ಬೆರಳು ಎಂಟು ತಿಂಗಳಿನಿಂದ ಕೆಲಸಕ್ಕೆ ಬಾರದಾಗಿದೆ. ಅದನ್ನು ಅವರು ಮುಚ್ಚಿಟ್ಟಿದ್ದಾರೆ."

ನಾನು ಬರೆಯಲಿಲ್ಲ.

"ಬರಿ ಕೊಟ್ರೇಶ. ಅದಕ್ಕೂ ಮುಂಚೆ ಪಾಸು ಮಾಡಿದ್ದೆಲ್ಲ ಒಂದೇ ಗಟ್ಟಿ ಕೈಯಿಂದ ನೋಡಿದ್ದು. ಅವೆಲ್ಲವನ್ನೂ ಮತ್ತೊಮ್ಮೆ ನೋಡಬೇಕು, ಬೇರೆ ಬೇರೆ ಕೈಗಳಿಂದ ನೋಡಬೇಕು ಅಂತ ಬರಿ."

ಬರೆದೆ. ನನ್ನ ಹೆಸರನ್ನು ಅವರು ಎಲ್ಲೂ ಎತ್ತಲಿಲ್ಲ. ನಾನಾಗಿ ಸೇರಿಸುವ ಧೈರ್ಯ ನನಗೆ ಬರಲಿಲ್ಲ.

ವರದಿ ಓದಿದ ಮುಖ್ಯಾಧಿಕಾರಿಗಳು ಅವರನ್ನು ಕರೆಸಿ, "ಇದೇನಮ್ಮ, ನಿಮ್ಮ ಮೇಲೆ ನೀವೇ ದೂರು ಕೊಟ್ಟ ಹಾಗಿದೆಯಲ್ಲ," ಎಂದರು. ಹೌದೆಂದರು ಕಾತ್ಯಾಯಿನಿ. ಹಳೆಯ ಸಾಮಾನುಗಳನ್ನು ಮತ್ತೆ ಪರೀಕ್ಷಿಸುವ ಮಾತು ಹಾಗೇ ತೇಲಿಹೋಯಿತು, ಅಷ್ಟೊಂದು ಡಬ್ಬಿಗಳನ್ನು ಹುಡುಕುವವರು ಯಾರು? ಆದರೆ ಇನ್ನು ಮುಂದೆ ಪರೀಕ್ಷೆಗೆ ಬೀದಿಯಿಂದ ಐದು ಜನರನ್ನು ಕರೆಯಬೇಕು, ಅವರಲ್ಲಿ ಇಬ್ಬರಾದರೂ ಕೈಯಲ್ಲಿ ಬಲವಿಲ್ಲದವರಿರಬೇಕು ಎಂದು ಸಮಿತಿ ಒಪ್ಪಿತು. ನಲವತ್ತರಲ್ಲಿ ಇಪ್ಪತ್ತು ಡಬ್ಬಿಗಳು ತುರ್ತಿನ ಹೆಸರಲ್ಲಿ ಹೊರಗಿನಿಂದಲೇ ಬಂದವು, ಎಂಟು ಸ್ಕ್ರೂಗಳ ಸಮೇತ. ಉಳಿದ ಇಪ್ಪತ್ತನ್ನು ತಡೆಹಿಡಿದರು. ಕಾತ್ಯಾಯಿನಿಯನ್ನು ನಮ್ಮ ಆಫೀಸಿನ ಅದೇ ಹಜಾರದ ಇನ್ನೊಂದು ತುದಿಗೆ, ಜನನ ಮರಣ ನೋಂದಣಿಯ ಕೌಂಟರಿಗೆ ಹಾಕಿದರು. ಅವರ ಕುರ್ಚಿಗೆ ನನ್ನನ್ನು ಕೂರಿಸಿದರು. ನನ್ನ ಕೈ ಗಟ್ಟಿಯಾಗಿದೆ ಎಂಬುದೇ ಕಾರಣ.

ಮಕ್ತುಂಸಾಬರು ಒಂದೂವರೆ ತಿಂಗಳು ಇತ್ತ ಸುಳಿಯಲಿಲ್ಲ. ದಾರಿಯಲ್ಲಿ ಕಂಡರೆ ಕಾತ್ಯಾಯಿನಿ ನಮಸ್ಕಾರ ಎನ್ನುತ್ತಿದ್ದರು, ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಹೊಸ ಡಬ್ಬಿಯೊಂದಿಗೆ ಬಂದು, ಕೌಂಟರಿನ ಕಡೆ ನೋಡದೆ, ನನ್ನ ಮೇಜಿನ ಮೇಲಿಟ್ಟರು. ಗುಂಡಿ ಇರಲಿಲ್ಲ. ಬಾಗಿಲಿನ ಮೇಲಂಚಿಗೆ ಉದ್ದಕ್ಕೂ ನಾಲ್ಕು ಬೆರಳಗಲದ ಒಂದು ಪಟ್ಟಿ. "ಎಲ್ಲಿ ಬೇಕಾದ್ರೂ ಒತ್ರಿ," ಎಂದರು. "ಅಂಗೈಲಿ ಒತ್ರಿ, ಮೊಣಕೈಲಿ ಒತ್ರಿ. ಮನೇಲಿ ಅವಳು ಹಿಟ್ಟಿನ ಕೈಲೇ ತೆಗೀತಾಳೆ."

ನಾನು ಕೈ ಚಾಚಿದೆ. ಹಜಾರದ ಆ ತುದಿಯಿಂದ ಕಾತ್ಯಾಯಿನಿ, ಯಾರದೋ ಜನನ ಪತ್ರ ಬರೆಯುತ್ತಿದ್ದವರು ತಲೆಯೆತ್ತದೆ, "ನಿನ್ನ ಕೈ ಅಲ್ಲ ಕೊಟ್ರೇಶ," ಎಂದರು. ಮಕ್ತುಂಸಾಬರು ಆಗ ಮಾತ್ರ ಆ ಕಡೆ ತಿರುಗಿದರು. "ಬರ್ರಿ ಅಕ್ಕೋರೆ, ನೀವೂ ಒಂದು ಕೈ ನೋಡ್ರಿ," ಎಂದರು. "ಆಮೇಲೆ ಬರ್ತೀನಿ ಸಾಬ್ರೆ. ನಾನು ಒತ್ತಿದ್ರೆ ಲೆಕ್ಕಕ್ಕೆ ಬರಲ್ಲ," ಎಂದರು ಅವರು.

ನಾನು ಬೀದಿಗಿಳಿದೆ. ಮೂವರು ಸುಲಭವಾಗಿ ಸಿಕ್ಕರು. ಒಬ್ಬ ವಕೀಲರ ಗುಮಾಸ್ತನ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು, ಅವನೂ ಬಂದ. ಐದನೆಯವರು ಬೇಕಾಗಿತ್ತು. ನಿಮ್ಮ ಕೈಯಲ್ಲಿ ಬಲ ಇಲ್ಲವೇ ಎಂದು ಒಬ್ಬರನ್ನು ಕೇಳುವುದು ಹೇಗೆ? ಆಫೀಸಿನ ಗೇಟಿನ ಬಳಿ ದುರುಗಮ್ಮ ಹುರಿದ ಶೇಂಗಾ ಮಾರುತ್ತಿದ್ದಳು. ಚಿಕ್ಕಂದಿನಲ್ಲಿ ಬೆಂಕಿಗೆ ಸಿಕ್ಕಿ ಅವಳ ಎರಡೂ ಕೈಗಳ ಬೆರಳುಗಳು ಅಂಗೈಗೆ ಅಂಟಿದಂತೆ ಮಡಚಿಕೊಂಡಿದ್ದವು. ಹನ್ನೆರಡು ವರ್ಷ ಅವಳಿಂದ ಶೇಂಗಾ ಕೊಂಡಿದ್ದೆ, ಆ ಕೈಗಳನ್ನು ನೋಡದ ಹಾಗೆ ಪೊಟ್ಟಣ ಇಸಿದುಕೊಳ್ಳುವುದು ನನಗೆ ರೂಢಿಯಾಗಿತ್ತು. ಅಂದು ಎದುರಿಗೆ ಕೂತು ವಿಷಯ ಹೇಳಿದೆ. ಅವಳು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ನಾನು ಯಾವತ್ತೂ ಏನೂ ಮುಚ್ಚಲ್ಲಣ್ಣ. ಮುಚ್ಚಿದ್ರೆ ತಾನೆ ತೆಗೆಯೋದು," ಎಂದಳು. ಆದರೂ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು.

ಉಳಿದ ನಾಲ್ವರೂ ತೆಗೆದು ಮುಚ್ಚಿ ಪಕ್ಕಕ್ಕೆ ನಿಂತಿದ್ದರು. ಮುಂದೆ ಆ ಇಪ್ಪತ್ತು ಡಬ್ಬಿಗಳೂ ಮಕ್ತುಂಸಾಬರವೇ ಆದವು, ಆದರೆ ಆ ಗಳಿಗೆಯಲ್ಲಿ ಅವರು ಗೋಡೆಗೆ ಒರಗಿ, ನಮ್ಮ ಯಾರನ್ನೂ ನೋಡದೆ, ನೆಲ ನೋಡುತ್ತಿದ್ದರು. ಕಾತ್ಯಾಯಿನಿ ಬರೆಯುವುದನ್ನು ನಿಲ್ಲಿಸಿದ್ದರು. ದುರುಗಮ್ಮ ಮಣಿಕಟ್ಟನ್ನು ಸೀರೆಗೆ ಒರೆಸಿಕೊಂಡು, ಮೇಜಿನ ಬಳಿ ಬಂದು, ಪಟ್ಟಿಯ ಮೇಲೆ ಅದನ್ನು ಇಟ್ಟಳು ಅಷ್ಟೇ. ಬಾಗಿಲು ಟಕ್ಕೆಂದು ಬಿಚ್ಚಿಕೊಂಡು ಮೇಜಿನ ಮೇಲೆ ಬಿತ್ತು.

ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಮುರಿದೋಯ್ತಾ?" ಎಂದಳು.

"ಇಲ್ಲಮ್ಮ," ಎಂದರು ಕಾತ್ಯಾಯಿನಿ. "ತೆಗೀತು."